ರುಚಿ ನೋಡುವವನ ಪಥ್ಯ

ಜೂನ್ ೩, ಸೋಮವಾರ

ಇವತ್ತಿನಿಂದ ಪಥ್ಯ ಶುರು. ದಿನಾ ಬರೆದಿಟ್ಟರೆ ಮನಸ್ಸು ಜಾರುವುದಿಲ್ಲ ಅಂತ ಕಾರ್ನ್ ಫ್ಲೇಕ್ಸ್ ಡಬ್ಬದ ಹಿಂಬದಿಯಲ್ಲಿ ಹಾಕಿದ್ದಾರೆ, ಅದಕ್ಕೇ ಈ ಪುಸ್ತಕ. ಲಿಫ್ಟ್ ಮೆಕ್ಯಾನಿಕ್ಕುಗಳಾದ ನಮಗೆ ಆಫೀಸು ಕಟ್ಟಡದ ಲಿಫ್ಟಿನ ದೂರು ಬರೆಯಲು ಕೊಟ್ಟಿದ್ದು, ಒಂದು ಹೆಚ್ಚಿಗೆ ಬಂದಿತ್ತು.

ಕಾರಣವನ್ನೂ ಬರೆದುಬಿಡುತ್ತೇನೆ. ಶನಿವಾರ ಎರಡನೇ ನಂಬರಿನ ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತಿತು. ಒಳಗೆ ಆರು ಜನ. ನಾನು ಲಿಫ್ಟಿನ ನೆತ್ತಿಯ ಮೇಲಿಳಿದು, ಅಲ್ಲಿರುವ ಚೌಕದ ಕಿಂಡಿ ತೆಗೆದು, ಕಾಲು ಮೊದಲಾಗಿ ಒಳಗೆ ಇಳಿದೆ. ಸೊಂಟದವರೆಗೆ ಇಳಿದೆ ಅನ್ನಬೇಕು. ಆಮೇಲೆ ಮೇಲೂ ಇಲ್ಲ, ಕೆಳಗೂ ಇಲ್ಲ. ಆರು ಜನ ಇಪ್ಪತ್ತು ನಿಮಿಷ ನನ್ನ ಕಾಲುಗಳನ್ನೇ ನೋಡುತ್ತಾ ನಿಂತರು. ಶೂ ಲೇಸು ಬಿಚ್ಚಿತ್ತು ಅಂತ ಯಾರೋ ಪುಣ್ಯಾತ್ಮರು ಕಟ್ಟಿಯೂ ಕೊಟ್ಟರು. ಕೊನೆಗೆ ನನ್ನ ಜೊತೆ ಕೆಲಸ ಮಾಡುವ ಕೊಕ್ಕರೆ ಬಂದು ಕಂಕುಳಿಗೆ ಕೈಹಾಕಿ ಎಳೆದ. ಉದ್ದಕ್ಕೆ, ತೆಳ್ಳಗೆ ಇದ್ದಾನೆ ಅಂತ ಅವನಿಗೆ ಆ ಹೆಸರಿಟ್ಟವನು ನಾನೇ. ಅವನು ಅವತ್ತೇ ಬಡ್ಡಿ ಸಮೇತ ತೀರಿಸಿದ. ಸಂಜೆಯೊಳಗೆ ಏಳು ಮಹಡಿಗೂ ನಾನು ‘ಬಿರಡೆ’ ಆಗಿದ್ದೆ.

ಡಬ್ಬದ ಮೇಲಿನ ಮಾತು ಹೀಗಿದೆ: ದಿನದ ಎರಡು ಊಟ ಬಿಟ್ಟು ಅದರ ಬದಲು ಒಂದೊಂದು ಬಟ್ಟಲು ಫ್ಲೇಕ್ಸ್ ತಿನ್ನಿ, ಹಸಿವೆಯೂ ತಗ್ಗುತ್ತದೆ, ತೂಕವೂ ತಗ್ಗುತ್ತದೆ. ಎರಡು ಬಿಟ್ಟರೆ ಇಷ್ಟು ಗುಣ ಅಂದಮೇಲೆ ಮೂರೂ ಬಿಡುತ್ತೇನೆ. ಅರ್ಧಂಬರ್ಧ ಕೆಲಸ ನನಗೆ ಆಗಿಬರುವುದಿಲ್ಲ.

ಬೆಳಿಗ್ಗೆ ತೂಕ ನೋಡಿದೆ. ತೊಂಬತ್ತೊಂದು. ತೂಕದ ಯಂತ್ರ ಹಳೆಯದು, ಮುಳ್ಳಿನದು, ಹಾಗಂತ ಇವಳನ್ನೂ ನಿಲ್ಲಿಸಿ ನೋಡಿದೆ. ಐವತ್ತೆಂಟು. ಮದುವೆಯಾದ ಎರಡನೇ ವರ್ಷದಿಂದ ಇವಳು ಐವತ್ತೆಂಟೇ. ಯಂತ್ರ ಸರಿಯಿದೆ.

“ನನ್ನ ನೋಡಿ ಯಂತ್ರ ಸರಿ ಇದೆ ಅಂತೀರಲ್ಲ, ನಾನೇನು ತಕ್ಕಡಿ ಕಲ್ಲಾ?” ಅಂದಳು. ಹೌದು, ಒಂದು ರೀತಿಯಲ್ಲಿ.

ಒಂದು ವಿಷಯ ಮಾತ್ರ ಈ ಪಥ್ಯದ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಈ ಪುಸ್ತಕ ಬಿಟ್ಟು ಬೇರೆ ಎಲ್ಲೂ ಬರೆಯುವಂತೆಯೂ ಇಲ್ಲ. ಇವಳು ನಮ್ಮ ಕಟ್ಟಡದ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷದಿಂದ ಮುಖ್ಯ ಅಡುಗೆಯವಳು. ದಿನಾ ಮುನ್ನೂರು ಜನಕ್ಕೆ ಮಧ್ಯಾಹ್ನದ ಊಟ. ಹೋದ ವರ್ಷ ಬಂದ ಜ್ವರ ಬಿಟ್ಟುಹೋಗುವಾಗ ಇವಳ ಮೂಗು, ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಯಿತು. ಉಪ್ಪೂ ಗೊತ್ತಾಗುವುದಿಲ್ಲ, ಸಕ್ಕರೆಯೂ ಗೊತ್ತಾಗುವುದಿಲ್ಲ. ಮೂವರು ಡಾಕ್ಟರು ನೋಡಿ, ಬಂದರೆ ಬರುತ್ತೆ ಅಂದರು. ಇದು ಕ್ಯಾಂಟೀನ್ ಮ್ಯಾನೇಜರಿಗೆ ತಿಳಿದರೆ ಮಾರನೇ ದಿನ ಇವಳು ಮನೆಯಲ್ಲಿ. ಅಡುಗೆ ಮನೆಯ ಒಲೆ ಮುಂದೆ ನಿಂತಾಗಲೇ ಇವಳು ಇವಳಾಗಿರುವುದು. ಅದೊಂದು ಹೋದರೆ ಏನಾಗುತ್ತಾಳೋ, ಯೋಚಿಸಲೂ ನನಗೆ ಇಷ್ಟವಿಲ್ಲ.

ಅದಕ್ಕೆ ನಾನೇ ಇವಳ ನಾಲಿಗೆ. ಅಡುಗೆಮನೆ ಇರುವುದು ನೆಲಮಾಳಿಗೆಯಲ್ಲಿ, ಊಟದ ಹಾಲ್ ಏಳನೇ ಮಹಡಿಯಲ್ಲಿ. ಪಾತ್ರೆಗಳನ್ನು ಮೇಲೆ ಸಾಗಿಸಲು ಒಂದು ಪುಟ್ಟ ಲಿಫ್ಟಿದೆ, ಊಟದ ಲಿಫ್ಟು ಅಂತೀವಿ. ಅದರ ಮೋಟಾರು ತಾರಸಿಯ ಮೇಲಿನ ಗೂಡಿನಲ್ಲಿ. ದಿನಾ ಹನ್ನೊಂದಕ್ಕೆ ನಾನು ಎಣ್ಣೆ ಬಿಡುವ ನೆಪದಲ್ಲಿ ಆ ಗೂಡಿಗೆ ಹೋಗುತ್ತೇನೆ. ಇವಳು ಕೆಳಗಿನಿಂದ ಒಂದು ಬಟ್ಟಲಿನಲ್ಲಿ ಆವತ್ತಿನ ಅಡುಗೆ ಇಟ್ಟು ರಿಪೇರಿ ಗುಂಡಿ ಒತ್ತುತ್ತಾಳೆ. ಲಿಫ್ಟು ಏಳನೇ ಮಹಡಿ ದಾಟಿ ನನ್ನ ತನಕ ಬರುತ್ತದೆ. ಒಂದು ಚಮಚ ರುಚಿ ನೋಡಿ, ಕೆಳಗೆ ಇವಳಿಗೆ ಕೇಳುವ ಬೆಲ್ ಹೊಡೆಯುತ್ತೇನೆ. ಒಂದು ಬೆಲ್ ಅಂದರೆ ಸರಿಯಿದೆ. ಎರಡು ಅಂದರೆ ಉಪ್ಪು ಸಾಲದು. ಮೂರು ಅಂದರೆ ಜಾಸ್ತಿ. ನಾಲ್ಕು ಅಂದರೆ ಬಡಿಸಲೇಬೇಡ, ನಾನೇ ಬರುತ್ತಿದ್ದೇನೆ. ನಾಲ್ಕು ಇಲ್ಲಿಯವರೆಗೆ ಹೊಡೆದಿಲ್ಲ. ಊಟದ ಲಿಫ್ಟಿನ ಮೇಲೆ ನನಗಿರುವ ಕಾಳಜಿ ನೋಡಿ ಮ್ಯಾನೇಜರ್ ಒಂದು ಸಲ ಶಹಬಾಸ್ ಕೂಡ ಅಂದಿದ್ದಾನೆ.

ಒಂದು ಚಮಚಕ್ಕೆ ಯಾರ ಹೊಟ್ಟೆಯೂ ಬೆಳೆಯುವುದಿಲ್ಲ. ಅದು ಊಟವಲ್ಲ, ಡ್ಯೂಟಿ.

ಜೂನ್ ೫, ಬುಧವಾರ

ಡಬ್ಬವೂ ರಟ್ಟು, ಒಳಗಿರುವುದೂ ರಟ್ಟು. ಹಾಲು ಹಾಕಿದ ಎರಡೇ ನಿಮಿಷಕ್ಕೆ ಒದ್ದೆ ರಟ್ಟು. ಆದರೂ ಮೂರು ಹೊತ್ತೂ ಅದನ್ನೇ ತಿಂದೆ. ಮನಸ್ಸು ಗಟ್ಟಿಯಿದ್ದರೆ ಏನು ಬೇಕಾದರೂ ಆಗುತ್ತದೆ.

ರಾತ್ರಿ ಊಟಕ್ಕೆ ಇವಳು ಎದುರಿಗೆ ತನ್ನ ತಟ್ಟೆ ಇಟ್ಟುಕೊಂಡು ಕೂತಳು. ಇವಳದೊಂದು ಕೆಟ್ಟ ಅಭ್ಯಾಸ ಇದೆ. ತಾನು ತಿನ್ನುವುದಕ್ಕಿಂತ ಹೆಚ್ಚಾಗಿ ನಾನು ತಿನ್ನುವುದನ್ನು ನೋಡುತ್ತಾಳೆ. ತುತ್ತು ಬಾಯಿಗೆ ಹೋಗಿ ಗಂಟಲಿಗೆ ಇಳಿಯುವ ತನಕ ಕಣ್ಣು ತೆಗೆಯುವುದಿಲ್ಲ. ಹೋದ ವರ್ಷದಿಂದ ಇದು ವಿಪರೀತ.

“ಹೇಗಿದೆ ರೀ ಅದು?”

“ರುಚಿ ಅನ್ನೋದು ಏನೇನೂ ಇಲ್ಲ.”

“ಹಾಗಾದ್ರೆ ನಾವಿಬ್ರೂ ಈಗ ಸರಿಸಮ,” ಅಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡುತ್ತಾ ಇದ್ದು, ತನ್ನ ತಟ್ಟೆಯಲ್ಲಿ ಉಳಿದಿದ್ದನ್ನು ಮುಚ್ಚಿಟ್ಟಳು. ನಾಳೆಗೆ ಆಗುತ್ತೆ ಅಂದಳು. ಮಿತವ್ಯಯ ಒಳ್ಳೆಯದೇ.

ಜೂನ್ ೭, ಶುಕ್ರವಾರ

ಬಟಾಣಿ ಸೂಪ್. ಹತ್ತೊಂಬತ್ತು ವರ್ಷದಲ್ಲಿ ಇವಳು ಇಂಥ ಸೂಪ್ ಮಾಡಿಲ್ಲ. ಚಮಚ ಬಾಯಿಗೆ ಇಟ್ಟದ್ದೇ ತಡ, ಕಣ್ಣು ತಾನಾಗಿ ಮುಚ್ಚಿಕೊಂಡಿತು. ಬಟಾಣಿಯಲ್ಲಿ ಇಷ್ಟೆಲ್ಲ ಇತ್ತು ಅಂತ ಇಷ್ಟು ದಿನ ನನಗೆ ತಿಳಿದೇ ಇರಲಿಲ್ಲ. ಡಬ್ಬದ ಮೇಲೆ ಬರೆದಿಲ್ಲ, ಆದರೆ ಪಥ್ಯ ಮಾಡಿದರೆ ನಾಲಿಗೆ ಚುರುಕಾಗುತ್ತದೆ ಅಂತ ಕಾಣುತ್ತದೆ. ಒಂದು ಬೆಲ್.

ಜೂನ್ ೧೦, ಸೋಮವಾರ

ಮೊದಲ ವಾರದ ತೂಕ ಎಂಬತ್ತೊಂಬತ್ತು. ಎರಡು ಕೆಜಿ ಇಳಿದಿದ್ದೆ. ಸಂತೋಷದಲ್ಲಿ ಒಂದು ಸಿಳ್ಳೆಯನ್ನೂ ಹಾಕಿದೆ. ಆದರೆ ನಾನು ಮೆಕ್ಯಾನಿಕ್. ಪರೀಕ್ಷೆ ಮಾಡದೆ ಯಾವುದನ್ನೂ ಒಪ್ಪುವವನಲ್ಲ. ಇವಳನ್ನು ಕರೆದು ನಿಲ್ಲಿಸಿದೆ. ಐವತ್ತೇಳು.

ಐವತ್ತೆಂಟು ಇರಬೇಕಾದ ಕಡೆ ಐವತ್ತೇಳು ತೋರಿಸಿದರೆ ಯಂತ್ರ ಒಂದು ಕೆಜಿ ಕಡಿಮೆ ತೋರಿಸುತ್ತಿದೆ ಅಂತ ತಾನೆ? ಹಾಗೇ ಬಿಟ್ಟಿದ್ದರೆ ಸುಳ್ಳು ತೂಕ ನೋಡಿ ಉಬ್ಬುತ್ತಿದ್ದೆ. ಅಡಿಯಲ್ಲಿ ಮುಳ್ಳು ಸರಿಮಾಡುವ ಸ್ಕ್ರೂ ಇದೆ. ತಿರುಗಿಸಿ, ಇವಳನ್ನು ಮತ್ತೆ ನಿಲ್ಲಿಸಿ ಐವತ್ತೆಂಟಕ್ಕೆ ತಂದೆ. ನಾನು ತೊಂಬತ್ತು.

“ಬೆಳಿಗ್ಗೆ ಬೆಳಿಗ್ಗೆ ಎಷ್ಟು ಸಲ ಹತ್ತಿ ಇಳೀಬೇಕು ನಾನು?” ಅಂದಳು. ವಿಜ್ಞಾನಕ್ಕೆ ಸಹಕಾರ ಕಡಿಮೆ ಈ ಮನೆಯಲ್ಲಿ.

ಜೂನ್ ೧೪, ಶುಕ್ರವಾರ

ಲಿಫ್ಟಿನ ನೆತ್ತಿಯ ಮೇಲೆ ಕೂತು ಕೆಲಸ ಮಾಡುವವನಿಗೆ ಒಂದು ಅನುಕೂಲ ಇದೆ. ಪ್ರತಿ ಮಹಡಿಯಲ್ಲೂ ಬಾಗಿಲ ಆಚೆ ಲಿಫ್ಟಿಗೆ ಕಾಯುವವರ ಮಾತು ಒಳಗೆ ಸ್ಪಷ್ಟವಾಗಿ ಕೇಳುತ್ತದೆ. ಯಾರಿಗೆ ಬಡ್ತಿ, ಯಾರಿಗೆ ಯಾರ ಮೇಲೆ ಕಣ್ಣು, ಎಲ್ಲವೂ ನನಗೆ ಗೊತ್ತು. ನಾನು ಯಾರಿಗೂ ಹೇಳುವುದಿಲ್ಲ. ಕೊಕ್ಕರೆಗೆ ಬಿಟ್ಟು.

ಇವತ್ತು ಮೂರನೇ ಮಹಡಿಯಲ್ಲಿ ಇಬ್ಬರು ಹೆಂಗಸರು.

“ಇವತ್ತಿನ ಸೂಪ್ ಕುಡಿದ್ಯಾ?”

“ಅದು ಸೂಪಾ? ಉಪ್ಪಿನ ಮೂಟೆ ತೊಳೆದ ನೀರು. ಈ ವಾರ ಮೂರನೇ ಸಲ. ನಾನಂತೂ ನಾಳೆಯಿಂದ ಮನೆಯಿಂದಾನೇ ತರ್ತೀನಿ.”

ನನಗೆ ಮೈಯೆಲ್ಲ ಉರಿಯಿತು. ಹನ್ನೊಂದು ಗಂಟೆಗೆ ನಾನೇ ನೋಡಿದ್ದ ಸೂಪ್ ಅದು. ಉಪ್ಪು ಎಷ್ಟು ಹದವಾಗಿತ್ತು ಅಂದರೆ ಬಟ್ಟಲಿಗೆ ಬೆರಳು ಹಾಕಿ ಸುತ್ತಲೂ ಒರೆಸಿ ನೆಕ್ಕಿದ್ದೆ. ಮೂರು ಹೊತ್ತು ಹೊಟ್ಟೆ ತುಂಬಾ ತಿನ್ನುವವರಿಗೆ ರುಚಿಯ ಬೆಲೆ ಏನು ಗೊತ್ತು. ಇವರಿಗೆ ಒಂದು ವಾರ ಫ್ಲೇಕ್ಸ್ ತಿನ್ನಿಸಬೇಕು.

ಇವಳಿಗೆ ಹೇಳಲಿಲ್ಲ. ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ.

ಜೂನ್ ೧೭, ಸೋಮವಾರ

ಈ ಯಂತ್ರಕ್ಕೆ ಏನೋ ಬಂದಿದೆ. ನಾನು ಎಂಬತ್ತೆಂಟು ಅಂತ ತೋರಿಸಿತು. ಇವಳನ್ನು ನಿಲ್ಲಿಸಿದರೆ ಐವತ್ತಾರು. ಅಂದರೆ ಈಗ ಎರಡು ಕೆಜಿ ತಪ್ಪು. ಸ್ಪ್ರಿಂಗ್ ಸೋತಿರಬೇಕು. ಮತ್ತೆ ಸ್ಕ್ರೂ ತಿರುಗಿಸಿ ಇವಳನ್ನು ಐವತ್ತೆಂಟಕ್ಕೆ ಕೂರಿಸಿದೆ. ನಾನು ತೊಂಬತ್ತು.

ಒಂದು ವಾರ ಹೊಟ್ಟೆ ಕಟ್ಟಿ ಕೂತವನು ಒಂದು ಗ್ರಾಮ್ ಇಳಿದಿಲ್ಲ. ಪ್ಯಾಂಟು ಸಡಿಲ ಆದಂತಿದೆ, ನಿಜ. ಆದರೆ ಪ್ಯಾಂಟಿನ ಮಾತು ನಂಬುವವನು ದರ್ಜಿ. ನಾನು ಯಂತ್ರ ನಂಬುವವನು. ನಾಳೆಯಿಂದ ಅರ್ಧ ಬಟ್ಟಲು.

ಜೂನ್ ೧೯, ಬುಧವಾರ

ಎಲೆಕೋಸು. ಕಣ್ಣಲ್ಲಿ ನೀರು ಬಂತು. ಒಂದು ಬೆಲ್.

ಜೂನ್ ೨೦, ಗುರುವಾರ

ಬೇಯಿಸಿದ ಬೀನ್ಸ್. ಇದನ್ನು ಬರೆಯಲು ನನಗೆ ಭಾಷೆ ಸಾಲದು. ಒಂದು ಬೆಲ್ ಹೊಡೆದು ಇನ್ನೊಂದು ಬಟ್ಟಲು ಕಳಿಸು ಅನ್ನುವುದಕ್ಕೂ ಒಂದು ಲೆಕ್ಕ ಇಟ್ಟುಕೊಳ್ಳಬೇಕಿತ್ತು.

ಜೂನ್ ೨೧, ಶುಕ್ರವಾರ

ಕೆಟ್ಟ ದಿನ. ಎಲ್ಲರ ಮೇಲೂ ರೇಗಿದೆ. ಐದನೇ ಮಹಡಿಯ ಸಾಹೇಬರು ಲಿಫ್ಟು ಯಾಕೆ ಇಷ್ಟು ನಿಧಾನ ಅಂದರು. ಮೆಟ್ಟಿಲು ಇದೆಯಲ್ಲ ಅಂದೆ.

ಸಂಜೆ ಇವಳು ಕೈಗಡಿಯಾರ ತಂದು ಮುಂದಿಟ್ಟಳು. “ಪಟ್ಟಿಗೆ ಇನ್ನೊಂದು ತೂತು ಹಾಕ್ಕೊಡಿ. ಪಾತ್ರೆ ಎತ್ತುವಾಗ ಜಾರಿ ಸೂಪಿಗೆ ಬೀಳತ್ತೆ.” ಚರ್ಮ ಹಳೆಯದಾದರೆ ಹಿಗ್ಗುತ್ತದೆ. ತೂತು ಹಾಕಿಕೊಟ್ಟೆ. ಏಪ್ರನ್ನಿನ ದಾರವನ್ನೂ ಈಗ ಎರಡು ಸುತ್ತು ಸುತ್ತಿ ಕಟ್ಟುತ್ತಾಳೆ, ಹೊಸ ಫ್ಯಾಷನ್ ಇರಬೇಕು.

ಊಟಕ್ಕೆ ಕೂತಾಗ ಇವಳ ಎದುರು ಒಂದು ಬಾಳೆಹಣ್ಣು ಮಾತ್ರ ಇತ್ತು. ಕೇಳಿದ್ದಕ್ಕೆ, “ಒಬ್ಬಳಿಗೆ ಏನು ಅಂತ ಒಲೆ ಹಚ್ಚಲಿ” ಅಂದಳು. ಆ ಬಾಳೆಹಣ್ಣನ್ನೇ ನೋಡುತ್ತಾ ನನ್ನ ರಟ್ಟು ಮುಗಿಸಿದೆ.

ಜೂನ್ ೨೪, ಸೋಮವಾರ

ಎರಡು ಅನಾಹುತ.

ಒಂದು, ಯಂತ್ರ. ನಾನು ಎಂಬತ್ತೊಂಬತ್ತು, ಇವಳು ಐವತ್ತಾರು. ಮತ್ತೆ ಎರಡು ಕೆಜಿ ತಪ್ಪು. ಸ್ಕ್ರೂ ತಿರುಗಿಸಿ ಇವಳನ್ನು ಐವತ್ತೆಂಟು ಮಾಡಿದ ಮೇಲೆ ನಾನು ಎಷ್ಟು ಬಂದೆ ಗೊತ್ತೇ? ತೊಂಬತ್ತೊಂದು. ಮೂರು ವಾರ ರಟ್ಟು ತಿಂದು, ಎಲ್ಲಿ ಹೊರಟಿದ್ದೆನೋ ಅಲ್ಲಿಗೇ ಬಂದು ನಿಂತಿದ್ದೇನೆ. ಇದನ್ನು ಕೊಕ್ಕರೆಗೆ ಹೇಳಿದರೆ ಬಿರಡೆ ಹೋಗಿ ಬೇರೆ ಹೆಸರು ಬರುತ್ತದೆ.

ಎರಡು, ಇವಳು ಸಂಜೆ ಬಂದವಳು ಕುರ್ಚಿಯ ಅಂಚಿನಲ್ಲಿ ಕೂತಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ಮ್ಯಾನೇಜರ್ ಕರೆದಿದ್ರು. ನಲವತ್ತು ಜನ ಸಹಿ ಹಾಕಿ ದೂರು ಕೊಟ್ಟಿದ್ದಾರಂತೆ. ಉಪ್ಪು, ಬರೀ ಉಪ್ಪು ಅಂತ. ಶುಕ್ರವಾರ ಆಫೀಸಿನ ಕಮಿಟಿಯವರು ಊಟಕ್ಕೆ ಕೂರ್ತಾರೆ. ಅವರಿಗೆ ಸರಿ ಬರಲಿಲ್ಲ ಅಂದ್ರೆ ಸೋಮವಾರದಿಂದ ಬೇರೆಯವರು.”

ನಾನು ಎದ್ದು ನಿಂತೆ. “ಯಾರು ಹೇಳಿದ್ದು? ನಾನು ದಿನಾ ನೋಡ್ತಿಲ್ವಾ? ನೀನು ಇಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ.”

“ಹೌದಾ?”

“ನನ್ನಾಣೆ.”

ಇವಳು ನನ್ನ ಮುಖ ನೋಡಿದಳು. “ಹಾಗಾದ್ರೆ ಅವರೇ ಯಾರೋ ನನ್ನ ಮೇಲೆ ಹಗೆ ಸಾಧಿಸ್ತಿದ್ದಾರೆ. ನಿಮ್ಮ ನಾಲಿಗೆ ಬಿಟ್ರೆ ನಾನು ಇನ್ಯಾರ ನಾಲಿಗೆ ನಂಬಲಿ?” ಅಂದು ಎದ್ದು ಮುಖ ತೊಳೆಯಲು ಹೋದಳು.

ಜೂನ್ ೨೭, ಗುರುವಾರ

ಇದನ್ನು ಬರೆಯದೆ ಬಿಡುವ ಹಾಗಿಲ್ಲ.

ಮಧ್ಯಾಹ್ನ ಮೆಷಿನ್ ರೂಮಿನಲ್ಲಿ ಕೊಕ್ಕರೆ ಊಟದ ಡಬ್ಬಿ ಬಿಚ್ಚಿದ. ಬೇಯಿಸಿದ ಆಲೂಗಡ್ಡೆ. ಬೆಳಿಗ್ಗೆಯದು, ತಣ್ಣಗಾಗಿತ್ತು. ನಾನು ಬೇರೆ ಕಡೆ ಮುಖ ಮಾಡಿ ಕೂತೆ. ಮುಖ ಮಾಡಿದರೂ ಮೂಗು ಎಲ್ಲಿಗೆ ಹೋಗುತ್ತದೆ.

“ಒಂದು ತುಂಡು ತಗೋ ಅಣ್ಣ. ನೀನು ಹೀಗೆ ನೋಡ್ತಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ.”

ಒಂದು ತುಂಡಿಗೆ ಏನಾಗುತ್ತದೆ ಅಂತ ತೆಗೆದುಕೊಂಡೆ. ಆಮೇಲೆ ಇನ್ನೊಂದು. ಅವನಿಗೆ ಮೂರು ತುಂಡು ಉಳಿಯಿತು.

“ಯಾರೋ ಮಾಡಿದ್ದು? ಉಪ್ಪು ಎಷ್ಟು ಹದವಾಗಿದೆ,” ಅಂದೆ.

ಕೊಕ್ಕರೆ ಚಮಚ ಕೆಳಗಿಟ್ಟ. “ಅಣ್ಣ, ನಂಗೆ ಬಿಪಿ ಇದೆ. ಆರು ತಿಂಗಳಿಂದ ನಮ್ಮನೇಲಿ ನನ್ನ ಡಬ್ಬಿಗೆ ಉಪ್ಪೇ ಹಾಕಲ್ಲ.”

“ಸುಳ್ಳು.”

“ಒಂದು ಕಣ ಇಲ್ಲ. ಅದಕ್ಕೇ ಕ್ಯಾಂಟೀನ್ ಕಡೆ ತಲೆ ಹಾಕಲ್ಲ ನಾನು. ಅಲ್ಲಿ ಈಗ ಉಪ್ಪಲ್ಲೇ ಅಡುಗೆ ಮಾಡ್ತಾರಂತೆ.” ಆಮೇಲೆ ಅವನಿಗೇ ನೆನಪಾಗಿ ನಾಲಿಗೆ ಕಚ್ಚಿಕೊಂಡ. “ಬೇಜಾರು ಮಾಡ್ಕೋಬೇಡ. ಅತ್ತಿಗೆಗೆ ಹೇಳಬೇಡ.”

ಉಪ್ಪೇ ಇಲ್ಲದ್ದು ಹದವಾಗಿದೆ ಅಂದೆ. ಉಪ್ಪಿನ ಮೂಟೆ ತೊಳೆದ ನೀರನ್ನೂ ಹದವಾಗಿದೆ ಅಂದಿದ್ದೆ. ಹಸಿದ ಹೊಟ್ಟೆಗೆ ಬಿದ್ದದ್ದೆಲ್ಲ ಅಮೃತ. ಮೂರು ವಾರದಿಂದ ರುಚಿ ನೋಡಿದ್ದು ನನ್ನ ನಾಲಿಗೆಯಲ್ಲ, ನನ್ನ ಹಸಿವೆ. ಒಂದು ಬೆಲ್, ಒಂದು ಬೆಲ್, ಒಂದು ಬೆಲ್. ಕೆಳಗೆ ಇವಳು ಪ್ರತಿ ಸಲ ಆ ಬೆಲ್ ಕೇಳಿ ಸಮಾಧಾನದಿಂದ ಮುನ್ನೂರು ಜನಕ್ಕೆ ಬಡಿಸಿದ್ದಾಳೆ. ಮೊದಲೆಲ್ಲ ವಾರಕ್ಕೆರಡು ಸಲವಾದರೂ ಮೂರು ಬೆಲ್ ಹೊಡೆದು ಇವಳ ಕೈ ಹಿಡಿಯುತ್ತಿದ್ದೆ. ತಡೆಯುವವರಿಲ್ಲದೆ ಆ ಕೈ ದಿನದಿಂದ ದಿನಕ್ಕೆ ಮುಂದೆ ಹೋಗಿದೆ.

ಮನೆಗೆ ಬಂದು ಹೇಳಬೇಕು ಅಂತಲೇ ಬಂದೆ. ಇವಳು ನಾಳೆಯ ಪಟ್ಟಿ ಬರೆಯುತ್ತಾ ಕೂತಿದ್ದಳು. ನಾಳೆ ಕಮಿಟಿ ಇಟ್ಟುಕೊಂಡು ಇವತ್ತು ಎದೆಗೆ ಕಲ್ಲು ಹಾಕುವುದು ಬೇಡ ಅನ್ನಿಸಿತು. ಹೇಡಿತನ ಅಂದರೂ ಸರಿ. ಬರೀ ಇಷ್ಟು ಹೇಳಿದೆ: “ಇವತ್ತು ಊಟ ಹಾಕು. ಹೊಟ್ಟೆ ತುಂಬಾ.” ನಾಳೆ ಹನ್ನೊಂದಕ್ಕೆ ನನ್ನ ನಾಲಿಗೆ ಮನೆಗೆ ವಾಪಸ್ ಬಂದಿರಬೇಕಾದರೆ ಬೇರೆ ದಾರಿ ಇಲ್ಲ.

ಇವಳು ಒಂದು ಮಾತೂ ಕೇಳದೆ ಒಲೆ ಹಚ್ಚಿದಳು. ಅನ್ನ, ಬೇಳೆ, ಹುರಿದ ಆಲೂಗಡ್ಡೆ, ಎರಡು ಮೊಟ್ಟೆ. ನಾನು ತಿಂದೆ, ಇವಳು ಎದುರು ಕೂತು ನೋಡಿದಳು. ತನಗೂ ಬಡಿಸಿಕೊಂಡಳು, ಎರಡು ಸಲ. ಎಲ್ಲಿಗೆ ಹೋಗಿತ್ತೋ ಇಷ್ಟು ದಿನ ಇವಳ ಹಸಿವೆ. ಎರಡನೇ ತಟ್ಟೆ ಮುಗಿಯುವಾಗ ನನಗೆ ಮೊದಲ ಸಲ ಗೊತ್ತಾಯಿತು, ಬೇಳೆಗೆ ಉಪ್ಪು ವಿಪರೀತ.

ಜೂನ್ ೨೮, ಶುಕ್ರವಾರ

ಬೆಳಿಗ್ಗೆ ಹೊಟ್ಟೆ ತುಂಬಾ ತಿಂದು ಹೋದೆ. ಹತ್ತು ಗಂಟೆಗೆ ಇನ್ನೊಂದು ಸಲ ತಿಂದೆ. ಹನ್ನೊಂದಕ್ಕೆ ಗೂಡಿನಲ್ಲಿ ಕೂತಾಗ ನನಗೆ ಜಗತ್ತಿನ ಯಾವ ಅಡುಗೆಯ ಮೇಲೂ ಆಸೆ ಇರಲಿಲ್ಲ. ನ್ಯಾಯಾಧೀಶ ಅಂದರೆ ಹೀಗಿರಬೇಕು.

ಬಟ್ಟಲು ಬಂತು. ಟೊಮೇಟೊ ಸೂಪ್. ಒಂದು ಚಮಚ ಬಾಯಿಗೆ ಇಟ್ಟೆ, ಗೂಡಿನ ಕಿಟಕಿಯಿಂದ ಆಚೆ ಉಗಿದೆ. ಮೂರು ಬೆಲ್ ಹೊಡೆದೆ.

ಸ್ವಲ್ಪ ಹೊತ್ತಿಗೆ ಅದೇ ಸೂಪ್ ಮತ್ತೆ ಬಂತು. ಮೂರು ವಾರದಿಂದ ಮೂರು ಬೆಲ್ ಕೇಳದವಳು, ತಪ್ಪಿ ಹೊಡೆದೆ ಅಂದುಕೊಂಡಿರಬೇಕು. ಜೊತೆಗೆ ಬೀನ್ಸ್ ಕೂಡ ಇಟ್ಟಿದ್ದಳು. ಅದೂ ಅಷ್ಟೇ. ನೀರು ಬೆರೆಸಿ ತಿದ್ದುವ ಹಂತ ದಾಟಿಹೋಗಿತ್ತು. ಗಂಟೆ ಹನ್ನೊಂದೂಕಾಲು. ಹನ್ನೆರಡೂವರೆಗೆ ಕಮಿಟಿ.

ನಾಲ್ಕು ಬೆಲ್ ಹೊಡೆದೆ.

ಗೂಡಿನಿಂದ ಏಳನೇ ಮಹಡಿಗೆ ಓಡಿ ಬಂದರೆ ಒಂದನೇ ಲಿಫ್ಟಿನ ಮುಂದೆ ಇಪ್ಪತ್ತು ಜನ. ಎರಡನೆಯದರ ಬಾಗಿಲು ತೆರೆದಿತ್ತು, ಲಿಫ್ಟಿನ ನೆತ್ತಿ ನೆಲದ ಮಟ್ಟಕ್ಕೆ ನಿಂತಿತ್ತು, ಅದರ ಮೇಲೆ ಕೊಕ್ಕರೆ ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದ. ನಾನು ಅವನ ಪಕ್ಕಕ್ಕೆ ಕಾಲಿಟ್ಟು, ಕಿಂಡಿ ಎತ್ತಿ, ಒಳಗೆ ಇಳಿದೆ. “ನೆಲಮಾಳಿಗೆಗೆ ಬಿಡು” ಅಂತ ಒಳಗಿನಿಂದ ಕೂಗಿದೆ. ಅವನು ಏನೋ ಹೇಳುತ್ತಾ ಇದ್ದ, ಕೇಳಿಸಲಿಲ್ಲ.

ಅಡುಗೆಮನೆಯಲ್ಲಿ ಇವಳು ಸೌಟು ಹಿಡಿದು, ಬಿಳಿಚಿಕೊಂಡು ನಿಂತಿದ್ದಳು. ಪಕ್ಕದಲ್ಲೇ ಮ್ಯಾನೇಜರ್. ಅವನ ಎದುರು ಉಪ್ಪು ಅನ್ನುವ ಹಾಗಿಲ್ಲ, ನಾಲಿಗೆ ಅನ್ನುವ ಹಾಗಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ಸರ್, ಊಟದ ಲಿಫ್ಟಿನ ಎಣ್ಣೆ ಸೋರಿ ಪಾತ್ರೆಗೆ ಬಿದ್ದಿದೆ. ಸೂಪು, ಬೀನ್ಸು ಎರಡೂ ಚೆಲ್ಲಬೇಕು. ತಪ್ಪು ನನ್ನದು.”

ಪಾತ್ರೆಗಳು ಇನ್ನೂ ಒಲೆಯ ಮೇಲೇ ಇದ್ದವು. ಆದರೆ ಮ್ಯಾನೇಜರಿಗೆ ಸಿಟ್ಟು ಬಂದಾಗ ಕಣ್ಣು ಕಾಣುವುದಿಲ್ಲ, ಅದು ನನ್ನ ಪುಣ್ಯ. “ಇವತ್ತೇ ಬೇಕಿತ್ತೇನ್ರೀ ನಿಮಗೆ? ನಿಮ್ಮ ಮೇಲೆ ಬರೆದು ಕೊಡ್ತೀನಿ ನಾನು,” ಅಂದ.

“ಬರೀರಿ ಸರ್. ಆದರೆ ಈಗ ಮಾಡೋ ಪ್ರತಿಯೊಂದನ್ನೂ ನಾನೇ ಮೊದಲು ಕುಡಿದು ನೋಡ್ತೀನಿ. ಎಣ್ಣೆ ವಾಸನೆ ಬಂದು ಕಮಿಟಿಯವರಿಗೆ ಏನಾದ್ರೂ ಆದ್ರೆ ಜವಾಬ್ದಾರಿ ನಿಮ್ಮ ತಲೆಗೆ ಬರತ್ತೆ.”

ಜವಾಬ್ದಾರಿ ಅಂದ ಕೂಡಲೇ ಅವನು ಎರಡು ಹೆಜ್ಜೆ ಹಿಂದೆ ಸರಿದ. “ಹಾಂ, ನೀವೇ ನೋಡಿ” ಅಂದ.

ಒಂದು ಗಂಟೆ ಇವಳ ಪಕ್ಕದಲ್ಲೇ ಚಮಚ ಹಿಡಿದು ನಿಂತೆ. ಇವಳು ಈರುಳ್ಳಿ ಹೆಚ್ಚುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಣ್ಣು ಹಲಗೆಯ ಮೇಲೆ ಇರಲಿಲ್ಲ, ನನ್ನ ಮುಖದ ಮೇಲಿತ್ತು. ನಾನು ಹುಬ್ಬು ಎತ್ತಿದರೆ ಉಪ್ಪಿನ ಕೈ ನಿಲ್ಲುತ್ತಿತ್ತು, ತಲೆ ಆಡಿಸಿದರೆ ಮುಂದಕ್ಕೆ ಹೋಗುತ್ತಿತ್ತು. ಕೆಲಸದ ನಡುವೆ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಮೂರು ವಾರದ ಒಂದು ಬೆಲ್, ಕೊಕ್ಕರೆಯ ಆಲೂಗಡ್ಡೆ, ಎಲ್ಲ.

ಇವಳು ಸೌಟು ನಿಲ್ಲಿಸಲಿಲ್ಲ. “ನನಗೆ ನಾಲಿಗೆ ಇಲ್ಲ ಅಂತ ನಾನು ನಿಮಗೆ ಹೇಳಿದ್ದೆ ತಾನೆ? ನಿಮಗೂ ಇಲ್ಲ ಅಂತ ನೀವು ನನಗೆ ಹೇಳಬೇಕಿತ್ತು.” ಅಷ್ಟೇ. ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಕಮಿಟಿಯವರು ಐದು ಜನ. ನಾಲ್ವರು ಸೂಪನ್ನು ಇನ್ನೊಂದು ಸಲ ಹಾಕಿಸಿಕೊಂಡರು. ಐದನೆಯವರು ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿದರು. ಮ್ಯಾನೇಜರ್ ಬಂದು ಇವಳಿಗೆ, “ಹೀಗೇ ಇರಲಿ” ಅಂದ. ನನಗೆ ಎಚ್ಚರಿಕೆ ಪತ್ರ ಕೊಟ್ಟ. ಇಷ್ಟು ಖುಷಿಯಿಂದ ಯಾವ ಕಾಗದಕ್ಕೂ ನಾನು ಸಹಿ ಹಾಕಿಲ್ಲ.

ಎಲ್ಲ ಮುಗಿದ ಮೇಲೆ ಉಗ್ರಾಣದಲ್ಲಿ ಇಬ್ಬರೂ ಉಸಿರು ಬಿಡುತ್ತಾ ಕೂತೆವು. ಅಲ್ಲಿ ಮೂಟೆ ತೂಗುವ ಯಂತ್ರ ಇದೆ. ಸುಮ್ಮನೆ ಹತ್ತಿದೆ. ಎಂಬತ್ತಾರು.

“ಇದೂ ಕೆಟ್ಟಿದೆ,” ಅಂದೆ. “ಎಲ್ಲಿ, ನೀನು ನಿಲ್ಲು.”

ಇವಳು ಹತ್ತಿದಳು. ಐವತ್ತಮೂರು.

ಐದು ಕೆಜಿ ತಪ್ಪು ತೋರಿಸುವ ಯಂತ್ರವನ್ನು ಹೇಗೆ ಇಟ್ಟುಕೊಂಡಿದ್ದಾರೆ ಅಂತ ಬೈದುಕೊಂಡು, ಪಕ್ಕದಲ್ಲಿ ಇದ್ದ ಐವತ್ತು ಕೆಜಿಯ ಅಕ್ಕಿ ಮೂಟೆ ಎಳೆದು ಮೇಲಿಟ್ಟೆ. ಬಾಯಿ ಹೊಲಿಗೆ ಬಿಚ್ಚದ ಮೂಟೆ. ಮುಳ್ಳು ಐವತ್ತಕ್ಕೆ ಬಂದು ನಿಂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ನಾನು ಮೂಟೆಯನ್ನು ನೋಡಿದೆ, ಇವಳನ್ನು ನೋಡಿದೆ. ಎರಡು ಸುತ್ತು ಸುತ್ತಿದ ಏಪ್ರನ್ ದಾರ ನೋಡಿದೆ.

“ನೀನು ಊಟ ಮಾಡ್ತಿರಲಿಲ್ವಾ?”

“ಮಾಡ್ತಿದ್ದೆ, ಸೇರ್ತಿರಲಿಲ್ಲ.” ಇವಳು ಮೂಟೆಯ ಮೇಲೆ ಕೂತಳು. “ನಂಗೆ ಬಾಯಲ್ಲಿ ಏನಿಟ್ರೂ ಒಂದೇ ಅಲ್ವಾ? ನೀವು ತಿಂತಾ ಇದ್ರೆ ನಿಮ್ಮ ಮುಖ ನೋಡಿ, ಓ ಇದು ಖಾರ ಇರಬೇಕು, ಇದು ಚೆನ್ನಾಗಿರಬೇಕು ಅಂತ ಗೊತ್ತಾಗ್ತಿತ್ತು. ಅದನ್ನ ನೋಡ್ಕೊಂಡು ನಾನೂ ನುಂಗ್ತಿದ್ದೆ. ಆ ಬಟ್ಟಲು ಹಿಡಿದು ಕೂತ ಮೇಲೆ ನಿಮ್ಮ ಮುಖದಲ್ಲಿ ನೋಡೋಕೆ ಏನೂ ಇರಲಿಲ್ಲ.”

ನಾನು ಹೋಗಿ ಇವಳ ಪಕ್ಕದಲ್ಲಿ ಕೂತೆ.

ಜೂನ್ ೩೦, ಭಾನುವಾರ

ಬೆಳಿಗ್ಗೆ ಮನೆಯ ಯಂತ್ರವನ್ನು ತಿರುವಿಹಾಕಿ, ಸ್ಕ್ರೂವನ್ನು ಐದು ಕೆಜಿ ಹಿಂದಕ್ಕೆ ತಿರುಗಿಸಿದೆ. ತಿರುಗಿಸುವಾಗ ನಾಚಿಕೆಯಾಯಿತು. ಹೆಂಡತಿ ಕಣ್ಣೆದುರಿಗೇ ಕರಗುತ್ತಿದ್ದರೆ ವಾರ ವಾರವೂ ಸ್ಕ್ರೂಡ್ರೈವರ್ ಹಿಡಿದು ಅವಳನ್ನು ಐವತ್ತೆಂಟು ಮಾಡಿ ಕೂರಿಸಿದವನು ನಾನು. ಮೂವತ್ತು ವರ್ಷದ ಅನುಭವಸ್ಥ ಮೆಕ್ಯಾನಿಕ್.

ಕೊಕ್ಕರೆ ಮಧ್ಯಾಹ್ನ ಫೋನ್ ಮಾಡಿದ. “ಅಣ್ಣ, ಶುಕ್ರವಾರ ನೀನು ಆ ಕಿಂಡಿಯಿಂದ ಸರ್ ಅಂತ ಇಳಿದುಹೋದೆ, ಗೊತ್ತಾ? ಅದನ್ನೇ ಕೂಗಿ ಹೇಳ್ತಿದ್ದೆ. ನಾಳೆಯಿಂದ ನಿನ್ನ ಬಿರಡೆ ಅನ್ನೋದು ಬಿಡ್ತೀವಿ ಎಲ್ಲರೂ.”

ಹೌದಲ್ಲ, ಇಳಿದೆ. ಈಗ ನೆನಪಿಗೆ ಬಂತು. ಯಾವುದಕ್ಕೆ ಇಷ್ಟೆಲ್ಲ ಹೊರಟಿದ್ದೆನೋ ಅದು ಆದ ದಿನ ನಾನು ಅದನ್ನು ನೋಡಲೇ ಇಲ್ಲ.

“ಬೇಡ, ಬಿರಡೆ ಅಂತಲೇ ಕರೀರಿ,” ಅಂದೆ. “ತಿಂಗಳೊಳಗೆ ಮತ್ತೆ ಸರಿಯಾಗತ್ತೆ.”

ಉಳಿದ ಎರಡು ಡಬ್ಬ ಫ್ಲೇಕ್ಸನ್ನು ಕಿಟಕಿಗೆ ಬರುವ ಗುಬ್ಬಿಗಳಿಗೆ ಹಾಕಿದೆ. ಒಂದು ಸಲ ಕುಕ್ಕಿ ನೋಡಿ ಹಾರಿಹೋದವು.

ಜುಲೈ ೭, ಭಾನುವಾರ

ಕೆಲಸದ ದಿನಗಳಲ್ಲಿ ಹನ್ನೊಂದಕ್ಕೆ ಮೊದಲು ಏನಾದರೂ ತಿಂದು ಗೂಡಿಗೆ ಹೋಗುತ್ತೇನೆ. ಈ ವಾರ ಎರಡು ಸಲ ಎರಡು ಬೆಲ್, ಒಂದು ಸಲ ಮೂರು. ಕೆಳಗಿನಿಂದ ತಿದ್ದಿದ ಬಟ್ಟಲು ಬರುತ್ತದೆ, ಆಮೇಲೆ ಒಂದು ಬೆಲ್. ಹೊಸ ಲೆಕ್ಕವೊಂದನ್ನೂ ಇವಳೇ ಮಾಡಿದ್ದಾಳೆ. ನನ್ನ ಬೆಲ್ ಆದ ಮೇಲೆ ಕೆಳಗಿನಿಂದ ಇವಳದೊಂದು ಬೆಲ್ ಬರುತ್ತದೆ. ಏನು ಅರ್ಥ ಅಂತ ಕೇಳಿದೆ. “ತಿಂದಿದ್ದೀರಾ ಅಂತ,” ಅಂದಳು. ತಿಂದಿದ್ದರೆ ನಾನು ಮತ್ತೊಂದು ಹೊಡೆಯಬೇಕು.

ರಾತ್ರಿ ಊಟಕ್ಕೆ ಎದುರುಬದುರು ಕೂರುತ್ತೇವೆ. ನಾನು ತುತ್ತನ್ನು ನಿಧಾನಕ್ಕೆ ಅಗಿಯುತ್ತೇನೆ, ಹುಳಿಯಿದ್ದರೆ ಮುಖ ಹಿಂಡುತ್ತೇನೆ, ಚೆನ್ನಾಗಿದ್ದರೆ ಕಣ್ಣು ಮುಚ್ಚುತ್ತೇನೆ. ಸ್ವಲ್ಪ ಜಾಸ್ತಿಯೇ ಮಾಡುತ್ತೇನೆ. “ಅಷ್ಟೊಂದು ನಾಟಕ ಬೇಡ ರೀ” ಅನ್ನುತ್ತಾಳೆ, ಕಣ್ಣು ಮಾತ್ರ ತೆಗೆಯುವುದಿಲ್ಲ. ಮೊದಲು ಇದಕ್ಕೆ ಸಿಡುಕುತ್ತಿದ್ದೆ ಅಂತ ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ಇವತ್ತು ಬೆಳಿಗ್ಗೆ ತೂಕ ನೋಡಿದೆವು. ನಾನು ಎಂಬತ್ತೆಂಟು. ಇವಳು ಐವತ್ತನಾಲ್ಕು. ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಯಂತ್ರ ಸರಿಯಿದೆ.

ಇವಳಿಗೆ ಇನ್ನೂ ನಾಲ್ಕು ಬರಬೇಕು. ಎದುರಿಗೆ ಕೂತು ನಾನು ತಿನ್ನಬೇಕಾದ್ದು ಬಹಳ ಇದೆ.